ಅಮ್ಮನನ್ನು ಬಡವಿ ಮಾಡಿದ್ದು

ಬಿಸ್ಕತ್ತು ಕಂಪನಿಯ ಸರಕು ಸಾಗಣೆಯನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವನಿಗೆ ಲಾರಿ ಡ್ರೈವರುಗಳು ಇಟ್ಟ ಹೆಸರು ಟೈಮ್‌ಟೇಬಲ್. ಯಾವ ಗಾಡಿ ಎಷ್ಟು ಗಂಟೆಗೆ ಯಾವ ಗೋದಾಮಿನ ಬಾಗಿಲಲ್ಲಿ ನಿಂತಿರಬೇಕು ಎನ್ನುವುದು ಅವನಿಗೆ ಕಾಗದ ನೋಡದೆ ಬಾಯಿಗೆ ಬರುತ್ತಿತ್ತು. ಅದು ಬಿಟ್ಟರೆ ಬೇರೆ ಮಾತೇ ಬರುತ್ತಿರಲಿಲ್ಲ ಅನ್ನಿ. ಕಂಪನಿಯನ್ನು ಇನ್ನೊಬ್ಬರು ಕೊಂಡುಕೊಂಡಾಗ ಒಂದೇ ಕುರ್ಚಿಗೆ ಇಬ್ಬರಾದರು. ಚೆನ್ನಾಗಿ ಮಾತಾಡುವವನು ಕೂತ, ಇವನು ಎದ್ದ.

ಆಗ ಅವನಿಗೆ ಐವತ್ತೊಂದು. ನಾಲ್ಕು ತಿಂಗಳು ಕಂಡ ಕಂಡಲ್ಲಿ ಅರ್ಜಿ ಹಾಕಿದ. ಬೇಡ ಎನ್ನುವುದಕ್ಕೂ ಯಾರಿಗೂ ಪುರುಸೊತ್ತಿರಲಿಲ್ಲ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಹೆಂಡತಿ ಒಂದು ದಿನ, "ರೀ, ಈಗ ಕೆಲಸ ಗೊತ್ತಿದ್ರೆ ಸಾಲದಂತೆ. ನಿಮಗೆ ಕೆಲಸ ಗೊತ್ತಿದೆ ಅಂತ ಊರಿಗೆಲ್ಲ ಗೊತ್ತಿರಬೇಕಂತೆ" ಎಂದು ಒಂದು ವಿಳಾಸ ಕೊಟ್ಟಳು. ಕೆಲಸ ಕಳೆದುಕೊಂಡ ದೊಡ್ಡ ಅಧಿಕಾರಿಗಳಿಗೆ ಹೆಸರು ಕಟ್ಟಿಕೊಡುವ ಕೋಚ್ ಒಬ್ಬಳ ವಿಳಾಸ ಅದು.

ಕೋಚ್ ಕಚೇರಿಯಲ್ಲಿ ಕಿಟಕಿ ಇರಲಿಲ್ಲ. ಗೋಡೆ ತುಂಬ ಬಿಳಿ ಹಲಗೆ.

"ಸರ್, ನೀವು ಯಾರು?"

"ಸರಕು ಸಾಗಣೆ ವಿಭಾಗದ ಮುಖ್ಯಸ್ಥ…"

"ಅದು ಹುದ್ದೆ. ಅದು ಹೋಯ್ತಲ್ಲ. ನೀವು ಯಾರು?"

ಅವನು ತಡಬಡಾಯಿಸಿದ. ಅವಳಿಗೆ ಅದೇ ಬೇಕಿತ್ತೋ ಏನೋ, ಹಲಗೆಯ ಮೇಲೆ ದೊಡ್ಡದಾಗಿ ಅವನ ಹೆಸರು ಬರೆದು, ಕೆಳಗೆ ಖಾಲಿ ಬಿಟ್ಟಳು.

ಉದ್ಯೋಗಸ್ಥರೆಲ್ಲ ಸೇರುವ ಜಾಲತಾಣದಲ್ಲಿ ದಿನಕ್ಕೊಂದು ಬರೆಯಬೇಕೆಂದು ಅಪ್ಪಣೆಯಾಯಿತು. ಲಾರಿಯಲ್ಲಿ ಪೆಟ್ಟಿಗೆ ಜೋಡಿಸುವ ಕ್ರಮದ ಬಗ್ಗೆ ಬರೆದ. ಏಳು ಜನ ಓದಿದರು, ಅದರಲ್ಲಿ ಒಬ್ಬಳು ಹೆಂಡತಿ. ಕೋಚ್ ಮುಖ ಸಿಂಡರಿಸಿದಳು. "ಪೆಟ್ಟಿಗೆ ಯಾರಿಗೆ ಬೇಕು ಸರ್? ಜನಕ್ಕೆ ಮನುಷ್ಯ ಬೇಕು. ನಿಮ್ಮ ತಾಯಿ ಏನು ಮಾಡ್ತಿದ್ರು?"

"ಟೈಲರಿಂಗ್ ಅಂಗಡಿ ಇತ್ತು."

ಅವಳ ಕಣ್ಣು ಅರಳಿತು. ಮರುದಿನ ಅವಳೇ ಬರೆದು ಕಳಿಸಿದಳು: ಊರವರ ಹರಿದ ಬಟ್ಟೆಗೆ ತೇಪೆ ಹಾಕಿ ನನ್ನನ್ನು ಓದಿಸಿದಳು ಅಮ್ಮ. ತಾನು ಉಪವಾಸವಿದ್ದು ನನ್ನ ತಟ್ಟೆ ತುಂಬಿದಳು. ಚೂರುಗಳನ್ನು ಸೇರಿಸುವುದನ್ನು ನಾನು ಕಲಿತದ್ದು ಅವಳ ಕಾಲ ಬಳಿ.

ಅವನು ಫೋನ್ ಮಾಡಿದ. "ಇದು ಹಾಗಲ್ಲ ಮೇಡಂ. ಮೂರು ಮಷಿನ್ ಇತ್ತು, ಇಬ್ಬರು ಹೆಂಗಸರು ಕೆಲಸಕ್ಕಿದ್ರು. ಶಾಲೆ ಯೂನಿಫಾರಂ ಹೊಲೀತಿದ್ರು. ನಾವು ಚೆನ್ನಾಗೇ ಇದ್ವಿ."

"ಹರಿದ ಬಟ್ಟೆ ಒಂದೂ ಹೊಲಿದಿಲ್ವಾ?"

"ಹೊಲಿದಿರಬಹುದು."

"ಒಂದು ಹೊತ್ತೂ ಊಟ ಬಿಟ್ಟಿಲ್ವಾ?"

"ಕೆಲಸ ಜಾಸ್ತಿ ಇದ್ದಾಗ ಬಿಟ್ಟಿರಬಹುದು."

"ಮತ್ತೆ ಸುಳ್ಳೆಲ್ಲಿ ಬಂತು ಸರ್?"

ನಾಲ್ಕು ದಿನ ಅದನ್ನು ಹಾಗೇ ಇಟ್ಟುಕೊಂಡ. ಐದನೇ ದಿನ, ತಾನೇ ಕೈಹಿಡಿದು ಕೆಲಸ ಕಲಿಸಿದ್ದವನೊಬ್ಬ ಉಪಾಧ್ಯಕ್ಷನಾದ ಸುದ್ದಿ ಓದಿದ. ಕೋಚ್ ಬರೆದದ್ದನ್ನು ಹಾಗೇ ಜಾಲತಾಣಕ್ಕೆ ಹಾಕಿ ಗುಂಡಿ ಒತ್ತಿದ.

ಸಂಜೆಯೊಳಗೆ ಎಂಬತ್ತು ಸಾವಿರ ಜನ ಓದಿದ್ದರು. ಗುರುತು ಪರಿಚಯ ಇಲ್ಲದವರೆಲ್ಲ ಅತ್ತಿದ್ದರು. ವಾರ ಕಳೆಯುವುದರೊಳಗೆ ಔಷಧ ಸಾಗಿಸುವ ದೊಡ್ಡ ಕಂಪನಿಯ ಅಧ್ಯಕ್ಷರಿಂದ ಕರೆ ಬಂತು. ಅವನು ಎರಡು ದಿನ ಕೂತು ಲಾರಿ ಮಾರ್ಗಗಳ ನಕ್ಷೆಗಳ ಕಡತ ತಯಾರು ಮಾಡಿಕೊಂಡು ಹೋದ. ಕಡತ ತೊಡೆಯ ಮೇಲೇ ಉಳಿಯಿತು. ಅಧ್ಯಕ್ಷರು ಮಾತಾಡಿದ್ದು ಬರೀ ಅಮ್ಮನ ಬಗ್ಗೆ. "ಅಂಥ ತಾಯಿ ಬೆಳೆಸಿದ ಮಗ ನಮಗೆ ಬೇಕು" ಎಂದು ಎದ್ದು ಬಂದು ಕೈ ಕುಲುಕಿದರು.

ಮನೆಗೆ ಬಂದರೆ ಅಮ್ಮ ಮುಂದಿನ ಕೋಣೆಯಲ್ಲಿ ನೆಟ್ಟಗೆ ಕೂತಿದ್ದಳು. ಎಪ್ಪತ್ತಾರರಲ್ಲೂ ಅವಳಿಗೆ ಬೆನ್ನು ಒರಗಿಸಿ ಕೂತು ಗೊತ್ತಿಲ್ಲ.

"ನಾನು ಯಾವಾಗ ಉಪವಾಸ ಇದ್ದೆ ಕಣೋ?"

ಅವನು ಕಡತವನ್ನು ಮೇಜಿನ ಮೇಲಿಟ್ಟ.

"ಅಂಗಡೀಲಿ ಕಾಜಾ ಗುಂಡಿ ನೋಡ್ಕೋತಿದ್ಳಲ್ಲ, ಅವಳು ಫೋನ್ ಮಾಡಿದ್ಳು. ಮೊಮ್ಮಗಳು ಓದಿ ಹೇಳಿದ್ಳಂತೆ. ಅಕ್ಕಾ, ನಾವು ಅಲ್ಲಿ ಇರ್ಲೇ ಇಲ್ವಾ ಅಂತ ಕೇಳಿದ್ಳು. ಏನು ಹೇಳ್ಲಿ ಅವಳಿಗೆ?"

"ಕೆಲಸಕ್ಕೋಸ್ಕರ ಅಮ್ಮ. ಈಗೆಲ್ಲ ಹೀಗೇ ಬರೀಬೇಕು."

"ಕೆಲಸ ನಿಂದು. ನನ್ನನ್ನ ಯಾಕೆ ಬೀದಿಗೆ ತಂದೆ? ಒಂದು ದಿನ ಯಾರ ಮುಂದಾದ್ರೂ ಕೈಚಾಚಿದ್ದೀನಾ? ತೆಗೆದುಹಾಕು ಅದನ್ನ."

"ತೆಗೀತೀನಿ" ಎಂದ. ತೆಗೆಯಲು ಹೋದರೆ ಬೆರಳು ಮುಂದಕ್ಕೆ ಹೋಗಲಿಲ್ಲ. ನೇಮಕಾತಿ ಪತ್ರ ಇನ್ನೂ ಬರಬೇಕಿತ್ತು. ಹೆಂಡತಿ, "ಇದ್ದದ್ದು ಇದ್ದ ಹಾಗೆ ಬರೆದುಬಿಡಿ, ಆದದ್ದಾಗಲಿ" ಎಂದಳು. ಅವನು ತಿದ್ದುಪಡಿ ಬರೆದು ಕೋಚ್‌ಗೆ ಓದಿ ಹೇಳಿದ.

"ಸರ್, ಹಾಕಬಹುದು. ಆದ್ರೆ ಆಮೇಲೆ ನೀವು ಹೆತ್ತ ತಾಯಿ ಬಗ್ಗೆ ಸುಳ್ಳು ಹೇಳಿದ ಮನುಷ್ಯ. ಆ ಹೆಸರೂ ಅಷ್ಟೇ ಗಟ್ಟಿಯಾಗಿ ಅಂಟಿಕೊಳ್ಳುತ್ತೆ."

ಬರೆದ ಹಾಳೆಯನ್ನು ಅವನು ಮಡಚಿ, ಇನ್ನೂ ಸಣ್ಣಗೆ ಮಡಚಿ, ಜೇಬಿಗೆ ಹಾಕಿಕೊಂಡ. ಮೂರು ದಿನ ಅಮ್ಮನಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ನಾಲ್ಕನೆಯ ದಿನ ಹೊಸ ಕಂಪನಿಯಿಂದ ಒಬ್ಬ ಹುಡುಗಿ ಫೋನ್ ಮಾಡಿ, ನೇಮಕಾತಿ ಪತ್ರ ಕಳಿಸಿದ್ದೇವೆ, ಸ್ವಾಗತ ಸಮಾರಂಭಕ್ಕೆ ತಾಯಿಯವರದೊಂದು ಸಣ್ಣ ವಿಡಿಯೊ ಚಿತ್ರ ತೆಗೆಯಬೇಕು ಎಂದಳು. ಅವನು ಅಮ್ಮನಿಗೆ ಆರೋಗ್ಯ ಸರಿಯಿಲ್ಲ ಎನ್ನುವಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ ಬಂತು: "ನನಗೇನಾಗಿದೆ? ಬರ್ಲಿ. ನನ್ನನ್ನೇ ಕೇಳ್ಲಿ."

ಫೋನ್ ಮಾಡಿದ್ದ ಹುಡುಗಿಯೂ ಸೇರಿ ಕಂಪನಿಯವರು ಮೂವರು ದೀಪ, ಕ್ಯಾಮೆರಾ ಹೊತ್ತು ಬಂದರು. ಜೊತೆಗೆ ಎಲ್ಲಿಂದಲೋ ಬಾಡಿಗೆಗೆ ತಂದ, ಕಾಲಲ್ಲಿ ತುಳಿಯುವ ಹಳೇ ಹೊಲಿಗೆ ಮಷಿನ್. ಅಮ್ಮ ಇಸ್ತ್ರಿ ಮುರಿಯದ ಬಟ್ಟೆಯಲ್ಲಿ ಬಂದು ನಿಂತಳು. ಹುಡುಗಿ ಮೆಲ್ಲಗೆ, "ಅಜ್ಜೀ, ಸ್ವಲ್ಪ ಹಳೇದು ಏನಾದ್ರೂ ಇದ್ಯಾ?" ಎಂದಳು.

"ಹಳೇದನ್ನ ನಾನು ಇಟ್ಕೊಳ್ಳಲ್ಲ."

ಮಷಿನ್ ತುಳಿದು ನೋಡಿದಳು. ಬೆಲ್ಟು ಸಡಿಲವಾಗಿತ್ತು. ಬಗ್ಗಿ ಅದನ್ನು ಸರಿಮಾಡಿದಳು, ಕ್ಯಾಮೆರಾ ಅದನ್ನೂ ಹಿಡಿಯಿತು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದಳು. ಅಂಗಡಿಯ ಹೆಸರು ಹೇಳಿದಳು, ಇಬ್ಬರು ಕೆಲಸದವರ ಹೆಸರು ಹೇಳಿದಳು. ಶಾಲೆ ಶುರುವಾಗುವ ತಿಂಗಳು ಎಂಟುನೂರು ಜೊತೆ ಯೂನಿಫಾರಂ ಹೊಲಿದು ಒಂದು ದಿನವೂ ತಡಮಾಡದೆ ಕೊಟ್ಟದ್ದನ್ನು ಹೇಳಿದಳು. "ನನ್ನ ಮಗನಿಗೆ ಯಾವ ಕಷ್ಟವೂ ಇರ್ಲಿಲ್ಲ" ಎಂದಳು. ದೀಪದ ಹಿಂದೆ ಕತ್ತಲಲ್ಲಿ ಅವನು ನಿಂತಿದ್ದ. ಕಥೆ ಮುಗಿಯಿತು, ಕೆಲಸ ಹೋಯಿತು ಅಂದುಕೊಂಡ. ವಿಚಿತ್ರವೆಂದರೆ, ಅದರಿಂದ ಅವನಿಗೆ ಹಗುರವೂ ಆಯಿತು.

"ತುಂಬಾ ಚೆನ್ನಾಗಿತ್ತು ಅಜ್ಜೀ" ಎಂದು ಹುಡುಗಿ ದೀಪ ಆರಿಸಿದಳು.

ಆಮೇಲೆ ಕಂಪನಿಯವರು ಯಾರೂ ಅದರ ಬಗ್ಗೆ ಏನೂ ಕೇಳಲಿಲ್ಲ. ಕೆಲಸಕ್ಕೆ ಸೇರಿದ ದಿನ, ಇನ್ನೂರು ಜನರ ಮುಂದೆ ಪರದೆಯ ಮೇಲೆ ಚಿತ್ರ ಬಂತು. ಒಂದೂವರೆ ನಿಮಿಷ. ಮಷಿನ್ ಮೇಲೆ ಸುಕ್ಕುಗಟ್ಟಿದ ಕೈ, ನೆಲಕ್ಕೆ ಬಗ್ಗಿದ ಬೆನ್ನು. ದೀಪದ ಝಳಕ್ಕೆ ಒರೆಸಿಕೊಂಡ ಕಣ್ಣು. ಹಿಂದೆ ಪಿಟೀಲಿನ ಸಂಗೀತ. ಅಮ್ಮನ ಒಂದು ಮಾತೂ ಇಲ್ಲ. ಮಾತಿನ ಜಾಗದಲ್ಲಿ ಆ ತೇಪೆಯ ವಾಕ್ಯ ಅಕ್ಷರಗಳಾಗಿ ಮೂಡಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಧ್ಯಕ್ಷರು ಮೈಕು ಕೈಗೆ ಕೊಟ್ಟರು. ಹೇಳಬೇಕಾದ್ದು ನಾಲಗೆಯ ತುದಿಗೆ ಬಂತು.

"ಧನ್ಯವಾದ" ಎಂದು ಕೂತುಬಿಟ್ಟ.

ಕೆಲಸವೇನೋ ಅವನು ಬಲ್ಲ ಕೆಲಸವೇ. ಆದರೆ ಲಾರಿಗಳ ವೇಳೆಯ ಬಗ್ಗೆ ಬಾಯಿ ತೆಗೆದರೆ ಸಭೆಯಲ್ಲಿ ಯಾರಾದರೊಬ್ಬರು, "ಸರ್ ಚೂರುಗಳನ್ನ ಸೇರಿಸ್ತಿದ್ದಾರೆ" ಎನ್ನುವರು, ಉಳಿದವರು ಮೆಚ್ಚಿ ತಲೆದೂಗುವರು. ಊಟದ ಕೋಣೆಯಲ್ಲಿ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ತಾಯಂದಿರ ಕಷ್ಟ ತೋಡಿಕೊಳ್ಳುವರು. ಅವನು ತುತ್ತು ಕೈಯಲ್ಲೇ ಹಿಡಿದು ಹೂಂ ಹೂಂ ಎನ್ನುವನು. ಚಿತ್ರ ನೋಡಿದ ಅಮ್ಮ ಕೇಳಿದ್ದು ಒಂದೇ: "ನನ್ನ ಮಾತೆಲ್ಲಿ?"

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮನೆ ಮುಂದೆ ವ್ಯಾನು ನಿಂತಿತು. ಕಂಪನಿಯ ನೌಕರರೆಲ್ಲ ಸೇರಿ ಅಜ್ಜಿಗೆ ಹೊಸ ಹೊಲಿಗೆ ಮಷಿನ್ ಕಳಿಸಿದ್ದರು. ಇಬ್ಬರು ಅದನ್ನು ಇಳಿಸಿ ಮುಂದಿನ ಕೋಣೆಯಲ್ಲಿಟ್ಟರು. ಒಬ್ಬ ಕಾಗದ ಚಾಚಿ, "ಸಹಾಯ ಪಡೆದವರು ಇಲ್ಲಿ ಸಹಿ ಹಾಕ್ಬೇಕು. ಆಮೇಲೆ ಮಷಿನ್ ಜೊತೆ ಒಂದು ಫೋಟೊ ಬೇಕಂತೆ, ನೀವೇ ತೆಗೆದು ಕಳಿಸಿ ಸರ್" ಎಂದ.

ಅವನು ಏನೋ ಹೇಳಲು ಹೋದ. ಅಮ್ಮ ಕೈಯೆತ್ತಿ ತಡೆದಳು. ಕನ್ನಡಕ ಹಾಕಿಕೊಂಡು ಕಾಗದವನ್ನು ಪೂರ್ತಿ ಓದಿದಳು, ಸಹಿ ಹಾಕಿದಳು, ತಂದವರಿಗೆ ನೀರು ಕೊಟ್ಟು ಕಳಿಸಿದಳು. ಆಮೇಲೆ ಮಷಿನ್ ಪಕ್ಕದಲ್ಲಿ ಹೋಗಿ ನಿಂತಳು.

"ನಗ್ಲೋ, ಅಳ್ಲೋ? ಯಾವುದು ಬೇಕು ಹೇಳು."

ಅವನು ಫೋನ್ ಎತ್ತಿ ಹಿಡಿದ. ಬಾಗಿಲ ಬಳಿ ನಿಂತಿದ್ದ ಹೆಂಡತಿ ಒಳಗೆ ಹೋದಳು. ಅಮ್ಮ ತಾನೇ ಸ್ವಲ್ಪ ತಲೆ ತಗ್ಗಿಸಿ, ಭುಜ ಇಳಿಬಿಟ್ಟಳು.

ಫೋಟೊ ಚೆನ್ನಾಗಿ ಬಂತು. ಮಧ್ಯಾಹ್ನದೊಳಗೆ ಅದನ್ನು ಕಂಪನಿಗೆ ಕಳಿಸಿದ.