ಮೂರು ಕಾಸಿನ ಎತ್ತರ

ಕೂಸಪ್ಪ ಗಿಟಾರಿನ ತಂತಿಯನ್ನು ಮುಟ್ಟಲೇ ಇಲ್ಲ. ಮೊದಲು ಅದರ ಹೊಟ್ಟೆಯ ತೂತಿಗೆ ಮೂಗಿಟ್ಟು ಮೂಸಿದ. ಎರಡು ಸಲ ಮೂಸಿ, ತಲೆ ಎತ್ತಿ, "ಕುಂಬು ವಾಸನೆ ಇಲ್ಲ, ಮರ ಕೊಳೆತಿಲ್ಲ" ಎಂದ.

"ಅದೆಂತ ಒಣಮೀನಾ ಮಾರಾಯ, ಮೂಸಿ ನೋಡ್ಲಿಕ್ಕೆ?" ಎಂದರು ಜಗಲಿಯ ಕುರ್ಚಿಯಲ್ಲಿದ್ದ ಲಾದ್ರು ಪೊರ್ಬು. ಇಪ್ಪತ್ತೆರಡು ವರ್ಷ ಬೊಂಬಾಯಿಯ ಹೋಟೆಲಿನ ಬ್ಯಾಂಡಿನಲ್ಲಿ ಗಿಟಾರು ನುಡಿಸಿ, ಯುದ್ಧ ಮುಗಿದ ವರ್ಷ ತಮ್ಮೂರು ಬೇಳಕ್ಕೆ ಮರಳಿದವರು ಅವರು. ಆ ಗಿಟಾರನ್ನು ಇಂದಿನವರೆಗೆ ಯಾರೂ ಮೂಸಿದ್ದಿಲ್ಲ.

ರಾಜೀವಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಕೂಸಪ್ಪನನ್ನು ತನ್ನೂರು ನೆಕ್ರಾಜೆಯಿಂದ ಕರೆತಂದವಳು ಅವಳೇ. ಮದ್ದಳೆ, ಚೆಂಡೆಗಳ ಕಳಸಿಗೆ, ಅಂದರೆ ಮರದ ಒಡಲು, ಕೊರೆಯುವವನು, ಮರದ ಗುಣ ಬಲ್ಲವನು ಎಂದು ಕರೆದಿದ್ದಳು. ಗಿಟಾರನ್ನು ಅವನು ನೋಡುತ್ತಿರುವುದು ಇದೇ ಮೊದಲು ಎಂಬುದು ಮಾತ್ರ ದಾರಿಯಲ್ಲಿ ಬರುವಾಗ ತಿಳಿದ ಸಂಗತಿ.

ಮೂರು ವರ್ಷದ ಹಿಂದೆ ಅವಳು ಎಂಟು ತಿಂಗಳು ಮಂಗಳೂರಿನ ಕ್ಷಯದ ಆಸ್ಪತ್ರೆಯಲ್ಲಿ ಮಲಗಿದ್ದಳು. ಅಲ್ಲಿಯ ಒಬ್ಬ ನರ್ಸು ಸಂಜೆಹೊತ್ತು ಜಗಲಿಯಲ್ಲಿ ಕೂತು ಗಿಟಾರು ನುಡಿಸುತ್ತಿದ್ದಳು. ಬದುಕುವ ಆಸೆ ಮತ್ತೆ ಬಂದದ್ದು ಮದ್ದಿನಿಂದಲೋ ಆ ನಾದದಿಂದಲೋ ಎಂದು ಕೇಳಿದರೆ ರಾಜೀವಿ ಡಾಕ್ಟರರ ಮರ್ಯಾದೆಗಾಗಿ ಸುಮ್ಮನಿರುತ್ತಿದ್ದಳು. ನರ್ಸು ಹೇಳಿಕೊಟ್ಟ ಮೂರೇ ಮೂರು ಬೆರಳಿನ ಹಿಡಿತಗಳನ್ನು ಅವಳು ಇಂದಿಗೂ ಹೊಲಿಗೆ ಅಂಗಡಿಯ ಮರದ ಗಜಕೋಲಿನ ಮೇಲೆ ಒತ್ತಿ ನೋಡುತ್ತಾಳೆ. ಗಜಕೋಲು ನುಡಿಯುವುದಿಲ್ಲ. ಈ ಗಿಟಾರು ಸಿಕ್ಕದಿದ್ದರೆ ಇನ್ನೊಂದು ಸಿಕ್ಕುವುದು ಈ ಜನ್ಮದಲ್ಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೂವತ್ತಾರು ವರ್ಷದ ಹೆಂಗಸಿಗೆ ಇದೆಂಥ ಹುಚ್ಚು ಎಂದು ಊರು ನಕ್ಕರೂ ನಗಲಿ.

ಪೊರ್ಬುಗಳು ಗಿಟಾರನ್ನು ಕೊಡುತ್ತಿದ್ದದ್ದು ಬೆರಳು ಕೈಕೊಟ್ಟ ಕಾರಣಕ್ಕೆ. "ಪ್ರಾಯ ಆಯ್ತು, ಒತ್ತಿದರೆ ಎಲುಬಿಗೆ ಹೋಗ್ತದೆ ನೋವು" ಎಂದಿದ್ದರು. ಅವರ ಸೊಸೆ ಮೊಂತಿನ್‌ಗೆ ಹೊಲಿಗೆ ಕಲಿಯುವ ಆಸೆ. ರಾಜೀವಿಯ ಬಳಿ ಕಾಲಿನ ಮೆಷಿನು ಬಂದ ಮೇಲೆ ಹಳೆಯ ಕೈ ಮೆಷಿನು ಮೂಲೆಯಲ್ಲಿತ್ತು. ಅದಕ್ಕೆ ಇದು, ಇದಕ್ಕೆ ಅದು ಎಂದು ಕಳೆದ ಆದಿತ್ಯವಾರ ಮಾತಾಗಿತ್ತು. ಅಂದು ಪೊರ್ಬುಗಳು ಒಂದು ಸಣ್ಣ ಹಾಡು ನುಡಿಸಿ ತೋರಿಸಿದ್ದರು. ರಾಜೀವಿ ಕರಗಿ ನೀರಾಗಿದ್ದಳು.

ಕೂಸಪ್ಪ ಹೆಗಲಿನ ಬಿಳಿ ಬೈರಾಸನ್ನು ಹಾಸಿ, ಗಿಟಾರನ್ನು ಅದರ ಮೇಲೆ ಕವುಚಿ, ಮಗುವಿಗೆ ತೇಗು ಬರಿಸುವಂತೆ ಬೆನ್ನು ತಟ್ಟಿದ. ಎತ್ತಿ ಬಟ್ಟೆಯನ್ನು ನೋಡಿದ. ಹಿಟ್ಟು ಉದುರಿರಲಿಲ್ಲ. "ಹುಳ ಹೊಡೆಯಲಿಲ್ಲ." ಆಮೇಲೆ ಬೆರಳಿನ ಗೆಣ್ಣಿನಿಂದ ಹೊಟ್ಟೆಯನ್ನೆಲ್ಲ ಕುಟ್ಟುತ್ತ ಹೋದ. ಟಕ್, ಟಕ್, ಟಕ್, ಡಬ್. ಅಲ್ಲಿ ನಿಂತ. "ಇಲ್ಲಿ ಒಳಗೆ ಒಂದು ಪಟ್ಟಿ ಅಂಟು ಬಿಟ್ಟಿದೆ. ದೊಡ್ಡ ಸಂಗತಿ ಅಲ್ಲ."

ಪೊರ್ಬುಗಳು ಕುರ್ಚಿಯಿಂದ ಮುಂದೆ ಬಾಗಿದರು. ಕೆಲವು ವರ್ಷಗಳಿಂದ ಜೋರಾಗಿ ಮೀಟಿದಾಗ ಗಿಟಾರು ಸಣ್ಣಗೆ ಗೊರಗುಟ್ಟುತ್ತಿತ್ತು. ಅದು ಅವರಿಗೊಬ್ಬರಿಗೇ ಗೊತ್ತಿದ್ದ ಗುಟ್ಟು.

"ಈಗ ನೀನು ಒತ್ತಿ ನೋಡು" ಎಂದು ಕೂಸಪ್ಪ ಗಿಟಾರನ್ನು ರಾಜೀವಿಯ ಮಡಿಲಿಗಿಟ್ಟ.

"ನನಗೆಂತ ಬರ್ತದೆ ಕೂಸಪ್ಪಣ್ಣ? ಪೊರ್ಬುಗಳೇ ನುಡಿಸಿ ತೋರಿಸ್ಲಿ."

"ಅವರ ಕೈಯಲ್ಲಿ ಕಸ ಗುಡಿಸುವ ಹಿಡಿಸೂಡಿ ಸಹ ನುಡಿದೀತು. ನುಡಿಸುವವಳು ನೀನಲ್ವಾ?"

ರಾಜೀವಿಗೆ ನಾಚಿಕೆಯಾಯಿತು. ಬೆಳಿಗ್ಗೆ ಮೊಂತಿನ್‌ಗೆ ಮೆಷಿನು ಒಪ್ಪಿಸುವಾಗ ಅವಳೇ ಹೇಳಿದ್ದಳು: ಮಾರುವವಳು ಹೊಲಿದು ತೋರಿಸಿದರೆ ನಂಬಬೇಡ, ನೀನೇ ಒಂದು ದಿಂಬಿನ ಚೀಲ ಹೊಲಿದು ನೋಡು ಎಂದು. ತನ್ನ ಕಸುಬಿನಲ್ಲಿದ್ದ ಬುದ್ಧಿ ಆಸೆಯ ಮುಂದೆ ಎಲ್ಲಿ ಹೋಗಿತ್ತೋ.

ಅವಳು ಮೊದಲ ಹಿಡಿತ ಹಿಡಿದು ಮೀಟಿದಳು. ಒಡಕು ಮಡಕೆಯ ಸದ್ದು ಬಂತು. ಇನ್ನೂ ಬಲವಾಗಿ ಒತ್ತಿದಳು. ಸೂಜಿ ಚುಚ್ಚಿ ದಪ್ಪಗಾದ ಬೆರಳುಗಳು ಕೂಡ ಉರಿದವು. ಸದ್ದು ಬದಲಾಗಲಿಲ್ಲ.

ಪೊರ್ಬುಗಳು ನಕ್ಕರು. "ಕುಣಿಯಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ. ಕಲಿತರೆ ಬರ್ತದೆ, ರಾಜೀವಿ ಬಾಯಿ."

"ಕೆಲವು ಸಲ ನೆಲವೂ ಡೊಂಕು ಇರ್ತದೆ" ಎಂದ ಕೂಸಪ್ಪ. ಗಿಟಾರನ್ನು ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ, ಕುತ್ತಿಗೆಯ ಉದ್ದಕ್ಕೂ ದೃಷ್ಟಿ ಹಾಯಿಸಿದ. ಸೊಂಟದಿಂದ ತೂತಿನ ಕಾಸುಗಳನ್ನು ತೆಗೆದು ತಂತಿಯ ಅಡಿಗೆ ತೂರಿಸಿದ. ತಲೆಯ ಹತ್ತಿರ ಒಂದು ಕಾಸು ಬಿಗಿಯಾಗಿ ಕೂತಿತು. ಹೊಟ್ಟೆಯ ಹತ್ತಿರ ಒಂದರ ಮೇಲೊಂದು ಮೂರು ಇಟ್ಟರೂ ತಂತಿ ತಾಗಲಿಲ್ಲ.

"ನುಡಿಸಿ ಆದ ಮೇಲೆ ತಂತಿ ಸಡಿಲ ಮಾಡ್ತೀರಾ?"

"ಯಾಕೆ ಮಾಡುವುದು? ಶ್ರುತಿ ಹೋಗ್ತದೆ."

"ಮದ್ದಳೆಯ ಬಾರು ಸಹ ಹಾಗೆ ಬಿಟ್ಟರೆ ಕಳಸಿಗೆ ಸೀಳ್ತದೆ. ಇಷ್ಟು ವರ್ಷ ತಂತಿ ಎಳೆದೂ ಎಳೆದೂ ಕುತ್ತಿಗೆ ಬಗ್ಗಿದೆ ಪೊರ್ಬುಗಳೇ. ಒಂದೇ ದಿನ ಬಗ್ಗಿದರೆ ನಿಮಗೆ ಗೊತ್ತಾಗ್ತಿತ್ತು."

ಅವನು ಅಪ್ಪಣೆ ಕೇಳಿ ತಂತಿಗಳನ್ನು ಸಡಿಲಿಸಿದ. ಅವುಗಳಿಗೆ ಆಧಾರವಾಗಿದ್ದ ಎಲುಬಿನ ಪಟ್ಟಿಯನ್ನು ಕಿತ್ತು, ಅದರ ಅಡಿಭಾಗವನ್ನು ಅರದಿಂದ ಉಜ್ಜತೊಡಗಿದ. ನಾಲ್ಕು ಸಲ ಉಜ್ಜುವುದು, ಬೆಳಕಿಗೆ ಹಿಡಿಯುವುದು, ಮತ್ತೆ ಎರಡು ಸಲ. ಗಿಟಾರಿನ ಹೆಸರನ್ನೂ ಸರಿಯಾಗಿ ಹೇಳಲು ಬಾರದವನ ಕೈ ಎಲ್ಲಿಯೂ ಅನುಮಾನಿಸಲಿಲ್ಲ. ಇವನನ್ನು ಕರೆತಂದದ್ದಕ್ಕೆ ನಾಚಿದೆನಲ್ಲ ಎಂದು ರಾಜೀವಿ ತನ್ನನ್ನೇ ಬೈದುಕೊಂಡಳು. ಕೊನೆಗೆ ಪಟ್ಟಿ ಕೂತಿತು, ತಂತಿ ಬಿಗಿಯಿತು. ಈಗ ಎರಡು ಕಾಸಿನ ಮೇಲೆ ಮೂರನೆಯದು ತೂರಲಿಲ್ಲ.

"ನಾದ ಸತ್ತಿರಬೇಕು" ಎಂದು ಪೊರ್ಬುಗಳು ಗಿಟಾರನ್ನು ಎತ್ತಿಕೊಂಡು ಶ್ರುತಿ ಮಾಡಿ ನುಡಿಸಿದರು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ ತಮ್ಮ ಎಡಗೈಯನ್ನೇ ನೋಡಿದರು. ಮತ್ತೆ ಶುರುಮಾಡಿದರು. ಈ ಸಲ ಬೇರೆ ಹಾಡು, ಬೆರಳುಗಳು ಮೇಲಿಂದ ಕೆಳಕ್ಕೆ ಓಡಬೇಕಾದ್ದು. ಅಡುಗೆಮನೆಯಿಂದ ಮೊಂತಿನ್ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಮದುವೆಯಾಗಿ ಬಂದು ಐದು ವರ್ಷವಾದರೂ ಈ ಹಾಡನ್ನು ಅವಳು ಕೇಳಿರಲಿಲ್ಲ.

ಬೆರಳಿಗೆ ಪ್ರಾಯವಾಗಿರಲಿಲ್ಲ. ಅದು ಜಗಲಿಯಲ್ಲಿದ್ದ ನಾಲ್ವರಿಗೂ ತಿಳಿಯಿತು. ಮೆಷಿನಿನ ಮೇಲೆ ಮೊಂತಿನ್ ಹೊಲಿದಿಟ್ಟ ದಿಂಬಿನ ಚೀಲವನ್ನು ರಾಜೀವಿ ನೋಡಿದಳು. ಮೆಷಿನು ಹೊತ್ತುಕೊಂಡು ವಾಪಸು ಹೋಗುವ ದಾರಿ ಅವಳ ಕಣ್ಣಿಗೆ ಬಂತು.

"ಪೊರ್ಬುಗಳೇ, ಅದು ನಿಮ್ಮಲ್ಲೇ ಇರಲಿ" ಎಂದಳು.

ಅವರು ಗಿಟಾರನ್ನು ಮಡಿಲಲ್ಲಿ ಮಲಗಿಸಿದರು. ಆಮೇಲೆ ಒಂದೊಂದೇ ತಂತಿಯನ್ನು ಸಡಿಲಿಸಿದರು, ಕೂಸಪ್ಪ ಹೇಳಿದ ಹಾಗೆ. ಸೊಸೆಯಿಂದ ಹಳೆಯ ಚಾದರ ತರಿಸಿ ಸುತ್ತಿದರು.

"ಉಪಯೋಗಕ್ಕಿಲ್ಲ ಅಂತ ಕೊಟ್ಟರೆ ಅದೆಂತ ಮಾತು ಉಳಿಸಿದ್ದು, ರಾಜೀವಿ ಬಾಯಿ? ಈಗ ಕೊಟ್ಟರೆ ಮಾತು" ಎಂದು ಅವಳ ಕೈಗಿಟ್ಟರು. ಗೇಟಿನವರೆಗೂ ಬರಲಿಲ್ಲ.

ಮುಂದಿನ ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ, ಕೋಟು ಹಾಕಿಕೊಂಡೇ, ಅವರು ನೆಕ್ರಾಜೆಯಲ್ಲಿ ರಾಜೀವಿಯ ಅಂಗಡಿಯ ಮುಂದೆ ನಿಂತಿದ್ದರು. ಕಂಕುಳಲ್ಲಿ ಕಾಗದದ ಕಟ್ಟು. "ಒಂದು ಅಂಗಿ ಹೊಲಿಸ್ಲಿಕ್ಕೆ ಉಂಟು" ಎಂದರು. ಮನೆಯಲ್ಲಿ ಮೆಷಿನಿದೆಯಲ್ಲ ಎಂದು ರಾಜೀವಿ ಕೇಳಲಿಲ್ಲ. ಕಟ್ಟು ಬಿಚ್ಚಿ ಬಟ್ಟೆಯನ್ನು ಗಜಕೋಲಿಗೆ ಹಿಡಿದಳು. ಮೊಂಡು ತೋಳಿನ ಅಂಗಿಗೂ ಸಾಲುವಷ್ಟಿರಲಿಲ್ಲ.

"ಇದಕ್ಕೆ ತುಂಬ ಆದಿತ್ಯವಾರ ಬೇಕಾದೀತು" ಎಂದಳು.

"ಅವಸರ ಇಲ್ಲ" ಎಂದು ಪೊರ್ಬುಗಳು ಬೆಂಚಿನ ತುದಿಗೆ ಸರಿದು ಕೂತರು. ರಾಜೀವಿ ಗೋಡೆಯ ಮೊಳೆಯಿಂದ ಗಿಟಾರನ್ನು ಇಳಿಸಿ ಚಾದರ ಬಿಚ್ಚಿದಳು. ತಂತಿಗಳೆಲ್ಲ ಸಡಿಲವಾಗಿದ್ದವು. ಅವರು ಕೋಟು ಕಳಚಿ ಮೊದಲನೆಯದನ್ನು ಬಿಗಿಯತೊಡಗಿದರು.