ಎರಡನೇ ಮಗ್ಗಕ್ಕೆ ಯಾರ ಕೈ?

ಇಳಕಲ್ಲಿನ ಅರ್ಧ ಊರಿನ ಗಂಡ ಹೆಂಡಿರ ಜಗಳ ಬಿಡಿಸಿದವಳು ನಾನು, ಸಾವಿತ್ರೆವ್ವ. ಆಯಿತು, ಇದರಲ್ಲಿ ಅರ್ಧ ಸುಳ್ಳು. ಬಿಡಿಸಿದ್ದು ನಮ್ಮ ಓಣಿಯದು ಮಾತ್ರ. ಅದರಲ್ಲೂ ನಾಲ್ಕನ್ನು ಹಚ್ಚಿದವಳೂ ನಾನೇ. ಆದರೆ ಈಗ ಹೇಳುವ ಮಾತಿಗೆ ಉಪ್ಪು ಖಾರ ಹೆಚ್ಚು ಹಾಕಿಲ್ಲ.

ಪಕ್ಕದ ಮನೆಯ ಶ್ರೀಶೈಲ ಸೀರೆ ನೇಯುತ್ತಾನೆ. ಅವನು ಕುಣಿ ಮಗ್ಗಕ್ಕೆ ಇಳಿದರೆ ಸದ್ದು ಕಮತಗಿಯವರೆಗೂ ಕೇಳುತ್ತದೆ. ಅವನ ಹೆಂಡತಿ ಭುವನೇಶ್ವರಿಯ ಕೆಲಸಕ್ಕೆ ಸದ್ದೇ ಇಲ್ಲ. ನೂಲು ಸುತ್ತುವವಳು ಅವಳು. ಸೀರೆಯ ಮೈಯ ಎಳೆಗೆ ಸೆರಗಿನ ಕೆಂಪು ಎಳೆಯನ್ನು ಒಂದೊಂದಾಗಿ ಸೇರಿಸಿ ಕೊಂಡಿ ಹಾಕುವವಳೂ ಅವಳೇ. ಕೊಂಡಿ ಇಲ್ಲದಿದ್ದರೆ ಸೀರೆಗೆ ಸೆರಗೇ ಇಲ್ಲ. ಆದರೂ ಯಾರಾದರೂ ಏನು ಮಾಡುತ್ತೀ ಎಂದು ಕೇಳಿದರೆ, “ಏನಿಲ್ರಿ, ಮನ್ಯಾಗ ಇರ್ತೇನಿ” ಎನ್ನುತ್ತಾಳೆ.

ಒಂದು ಶನಿವಾರ ಬೆಳಗ್ಗೆ ಶ್ರೀಶೈಲ ನನ್ನ ಕಟ್ಟೆಗೆ ಬಂದ. ಮುಖದ ತುಂಬ ಹಬ್ಬ.

“ಆಯಿ, ಎರಡನೇ ಮಗ್ಗಾ ಹಾಕಸ್ತೇನಿ. ಕೂಡಿಟ್ಟ ರೊಕ್ಕ ಐತಿ. ಸೋಮವಾರ ಮಗ್ಗಾ ಮಾಡೂ ಬಡಿಗೇರಗ ಕೊಟ್ಟು ಬರ್ತೇನಿ.”

“ಭಾಳ ಛಲೋ ಆತು. ನಿನಗ ಕಾಲು ನಾಕು ಅದಾವೇನು? ಎರಡೂ ಮಗ್ಗದಾಗ ಹೆಂಗ ಇಳೀತಿ?”

“ನೇಯಾಕ ಆಳು ಇಡ್ತೇನಿ ಬೇ.”

“ಕೊಂಡಿ ಯಾರು ಹಾಕ್ತಾರ?”

“ಭುವನಾ ಹಾಕ್ತಾಳ.”

“ಎರಡಕ್ಕೂ?”

“ಹೂಂ. ಮನ್ಯಾಗ ಇರ್ತಾಳಲ್ಲ?”

“ಆಕಿನ್ನ ಕೇಳೀಯೇನು?”

“ಕೇಳೂದೇನೈತಿ? ದುಡ್ಯಾಂವ ನಾ.”

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವನು ಇನ್ನೂ ಬಾಯಿ ಬಿಟ್ಟ. ಶಾಲೆಯ ಬಿಸಿಯೂಟದ ಅಡುಗೆ ಕೆಲಸಕ್ಕೆ ಭುವನೇಶ್ವರಿ ಕಳೆದ ವರ್ಷ ಅರ್ಜಿ ಕೊಟ್ಟಿದ್ದಳು. ಈಗ ಜಾಗ ಖಾಲಿಯಾಗಿದೆ, ಮನಸ್ಸಿದ್ದರೆ ಸೋಮವಾರ ಬರಲಿ ಎಂದು ಲಲಿತಾ ಟೀಚರ್ ಇವನ ಕೈಯಲ್ಲಿ ಹೇಳಿ ಕಳಿಸಿದ್ದರು.

“ಆಕಿ ಬರಂಗಿಲ್ಲ ಅಂತ ನಾನ ಹೇಳಿ ಬರ್ತೇನಿ. ಆಕಿಗೆ ಸುದ್ದಿನ ಹೇಳಿಲ್ಲ. ಸುಮ್ನ ಯಾಕ ತಲ್ಯಾಗ ಹುಳಾ ಬಿಡೂದು?”

ನಾನು ನಗಲಿಲ್ಲ. ನಾನು ನಗದಿದ್ದರೆ ಓಣಿಯ ನಾಯಿಗಳೂ ಹೆದರುತ್ತವೆ.

“ಕುಂದ್ರು,” ಎಂದೆ. “ನನ್ನ ಗಂಡ ತೀರಿಕೊಂಡ ದಿನ ಒಬ್ಬಾಕಿ ಮುದುಕಿ ಬಂದಿದ್ಲು. ಹಿಂದ ಬಾಲವಾಡಿ ಅಕ್ಕೋರಾಗಿದ್ಲಂತ. ನನ್ನ ಕೈ ಹಿಡಿದು, ‘ಅವತ್ತ ನೀ ಕೆಲಸಕ್ಕ ಬರಲಿಲ್ಲ ನೋಡು ಸಾವಿತ್ರೆವ್ವಾ’ ಅಂದ್ಲು. ಯಾವ ಕೆಲಸ ಅಂದೆ. ನಲವತ್ತು ವರ್ಷದ ಹಿಂದ ನನ್ನ ಆಯಾ ಕೆಲಸಕ್ಕ ಕರದಿದ್ರಂತ. ನನ್ನ ಗಂಡ ಹೋಗಿ, ಆಕಿಗೆ ಮನಸಿಲ್ಲ ಅಂತ ಹೇಳಿ ಬಂದಿದ್ದ.”

ಶ್ರೀಶೈಲ ಹೆಗಲ ಮೇಲಿನ ಟವೆಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಕೆಟ್ಟಾಂವ ಅಲ್ಲೋ ಅಂವಾ. ಉಂಡಿಯೇನು ಅಂತ ದಿನಾ ಕೇಳ್ತಿದ್ದ. ನಿನಗೇನು ಬೇಕು ಅಂತ ಮಾತ್ರ ಒಂದಿನಾನೂ ಕೇಳಲಿಲ್ಲ. ನಾ ಆ ಕೆಲಸಕ್ಕ ಹೋಗ್ತಿದ್ನೋ ಇಲ್ಲೋ, ಯಾರಿಗೆ ಗೊತ್ತು? ಜಗಳಾಡೂಣು ಅಂದ್ರ ಅಂವನ್ನ ಕುಂದರ್ಸಿ ವಿಭೂತಿ ಹಚ್ಚಿದ್ರು. ಅಷ್ಟೂ ಸಿಟ್ಟು ಹೊಟ್ಟ್ಯಾಗ ಇಟ್ಕೊಂಡು ಹೂವು ಹಾಕಿದೆ.”

ಅವನು ಕೇಳಿದ. “ಹಂಗಾರ ಮಗ್ಗಾ ಬ್ಯಾಡಂತೀಯೇನು?”

“ರೊಕ್ಕ ಇಬ್ಬರದು, ಕೈ ಆಕಿದು. ನನಗೇನು ಕೇಳ್ತೀಲೇ? ಒಳಗ ಹೋಗು. ಸಂಜಿತನಾ ನೀ ಹೇಳಲಿಲ್ಲಂದ್ರ ನಾ ಹೇಳ್ತೇನಿ. ನಾ ಹೇಳಿದ್ರ ಒಂದಕ್ಕ ಹತ್ತು ಸೇರಿಸಿ ಹೇಳ್ತೇನಿ, ಗೊತ್ತೈತಲ್ಲ?”

ಗೊತ್ತಿತ್ತು. ಅದಕ್ಕೇ ಎದ್ದ.

ಆ ಮಧ್ಯಾಹ್ನ ಭುವನೇಶ್ವರಿ ಹೊಸ ಸೀರೆಗೆ ಕೊಂಡಿ ಹಾಕುತ್ತ ಎಳೆಗಳ ಮೇಲೆ ಬಾಗಿ ಕುಳಿತಿದ್ದಳು. ಶ್ರೀಶೈಲ ಅವಳ ಎದುರಿಗೆ ಕುಳಿತು ಎಳೆ ಎತ್ತಿ ಕೊಡತೊಡಗಿದ. ನಾನು ಎಲೆ ಅಡಿಕೆ ಹಾಕಿಕೊಳ್ಳುವ ನೆಪದಲ್ಲಿ ಅವರ ಬಾಗಿಲಲ್ಲೇ ಕುಳಿತೆ. ಅವನು ತಲೆ ಎತ್ತದೆ ಎಲ್ಲವನ್ನೂ ಹೇಳಿದ. ಮಗ್ಗದ ಮಾತು, ಶಾಲೆಯ ಮಾತು, ಎರಡೂ.

ಅವಳ ಬೆರಳುಗಳು ನಿಂತವು.

“ಸಾಲಿ ಅಕ್ಕೋರು ಯಾವಾಗ ಹೇಳಿದ್ರು?”

“ಗುರುವಾರ.”

“ಇವತ್ತ ಶನಿವಾರ.”

“ಹೂಂ.”

“ಎರಡು ದಿನ ನನ್ನ ಕೈಯಾಗಿನ ರೊಟ್ಟಿ ಉಂಡ್ರಿ. ಒಂದು ಮಾತು ಹೇಳಲಿಲ್ಲ.”

“ನೀ ಹೋದ್ರ ಮಗ್ಗಾ ನಿಲ್ತೈತಿ ಅಂತ ಅಂಜಿಕಿ ಆತು.”

“ಅದನ್ನರ ಹೇಳಬೇಕಿತ್ತು. ನೀ ಇಲ್ಲದ ನಡ್ಯಂಗಿಲ್ಲ ಅಂತ ಇಷ್ಟು ವರ್ಷದಾಗ ಒಮ್ಮೆನೂ ಅಂದಿಲ್ಲ ನೀವು. ಮಂದಿ ಮುಂದ ಆಕಿ ಸುಮ್ನ ಇರ್ತಾಳ ಅಂತೀರಿ. ಸಾಲಿ ಕೆಲಸ ಬ್ಯಾಡಂತ ನಾನೂ ಅನ್ನಬಹುದು. ಆದ್ರ ಅದನ್ನ ನನ್ನ ಬಾಯಿಲೆ ನಾ ಅನ್ನಬೇಕು.”

ಅವನು ಇನ್ನೊಂದು ಎಳೆ ಎತ್ತಿ ಕೊಟ್ಟ. ಕೊಡುತ್ತಲೇ ಕೇಳಿದ. “ಎರಡು ಮಗ್ಗಾ ಅಂದ್ರ ಕೊಂಡಿಗೆ ನಿನಗ ಎಷ್ಟು ಹೊತ್ತು ಬೇಕು?”

ಆಗ ಮಾತು ಶುರುವಾಯಿತು. ಶಾಲೆಯ ಸಂಬಳ ಸಣ್ಣದು, ಆದರೆ ನಂಬಬಹುದು ಎಂದಳು. ಮಗ್ಗದ ಗಳಿಕೆ ದೊಡ್ಡದು, ಆದರೆ ಸಾವುಕಾರ ನೂಲು ಕೊಟ್ಟಾಗ ಮಾತ್ರ ಎಂದು ಅವನೇ ಒಪ್ಪಿದ. ಕೊಂಡಿಗೆ ಹೊರಗಿನವರನ್ನು ಕರೆದರೆ ಕೂಲಿ ಕೊಡಬೇಕಲ್ಲ ಎಂದ. ಹಾಗಾದರೆ ಇಷ್ಟು ದಿನದ ಆ ಕೂಲಿ ಎಲ್ಲಿ ಹೋಯಿತು ಎಂದು ಅವಳು ಕೇಳಿದಳು. ಬೆಳಗಿನ ರೊಟ್ಟಿ ಯಾರು ಬಡಿಯಬೇಕು ಎಂಬ ಮಾತು ಬಂದಾಗ ಶ್ರೀಶೈಲ ಕೆಮ್ಮಿದ. ಆ ಕೆಮ್ಮು ಹುನಗುಂದದ ದವಾಖಾನೆಗೂ ಕೇಳಿಸಿರಬೇಕು.

ಆಮೇಲೆ ಭುವನೇಶ್ವರಿ ನನ್ನ ಕಡೆ ತಿರುಗಿದಳು. “ಆಯಿ, ಇನ್ನ ನೀವು ಮನಿಗೆ ಹೋಗ್ರಿ. ಇದು ನಾವಿಬ್ರು ಮಾತಾಡೂದು.”

ನನ್ನನ್ನು ಹೀಗೆ ಎಬ್ಬಿಸಿ ಕಳಿಸಿದವರು ಈ ಓಣಿಯಲ್ಲಿ ಅದುವರೆಗೆ ಯಾರೂ ಇರಲಿಲ್ಲ. ನಾನು ಖುಷಿಯಿಂದಲೇ ಎದ್ದು ಬಂದೆ.

ಅಣ್ಣಂದಿರೇ, ಮನೆಯ ದುಡ್ಡನ್ನು ಯಾವುದಕ್ಕೆ ಹಾಕಬೇಕು, ಯಾರು ಯಾವ ಕೆಲಸಕ್ಕೆ ಹೋಗಬೇಕು ಎಂದು ಹೊರಗಿನವರಿಗೆ ಮಾತು ಕೊಡುವ ಮೊದಲು ಮನೆಯೊಳಗೆ ಕೇಳಿ. ಒಳಗಿನ ಕೆಲಸಕ್ಕೂ ಹೊತ್ತು ಬೇಕು, ಬೆನ್ನು ಬೇಕು. ಅದನ್ನೂ ಎಣಿಕೆಗೆ ತೆಗೆದುಕೊಳ್ಳಿ. ತಂಗಿಯರೇ, ಕೇಳದಿದ್ದರೂ ನೀವಾಗಿ ಹೇಳಿ. ಸತ್ತವರ ಜೊತೆ ಜಗಳ ಆಡಲು ಬರುವುದಿಲ್ಲ.

ಸೋಮವಾರ ಬೆಳಗ್ಗೆ ಆ ಇಬ್ಬರೂ ಬಾಗಿಲು ಹಾಕಿಕೊಂಡು ಹೊರಟರು. ಓಣಿಯ ತುದಿಯಲ್ಲಿ ಎಡಕ್ಕೆ ಹೋದರೆ ಶಾಲೆ, ಬಲಕ್ಕೆ ಹೋದರೆ ಬಡಿಗೇರನ ಮನೆ. ಯಾವ ಕಡೆ ತಿರುಗಿದರು? ನಾನು ನೋಡಿದ್ದೇನೆ, ಹೇಳುವುದಿಲ್ಲ. ಇವತ್ತು ಊಟಕ್ಕೆ ಕುಳಿತಾಗ ಗಂಡ ಹೆಂಡತಿ ಇಬ್ಬರೂ ಕೂಡಿ ಊಹಿಸಿ. ಒಬ್ಬರೇ ಊಹಿಸಬೇಡಿ.