ಮೊಳೆಗೆ ನೇತಾಡಿದ ಕೊಡತಿ

ಆ ದಿನ ಬೆಳಗ್ಗೆ ಮಂಜು ಬೀದಿಗಿಳಿದು ಕೂತೇಬಿಟ್ಟಿತ್ತು. ಎದುರುಮನೆಯ ಬಾಗಿಲು ಕಾಣದು. ಕಿಟಕಿಯ ಗಾಜಿಗೆ ಬೆರಳಿಟ್ಟರೆ ನೀರು ಇಳಿಯುತ್ತಿತ್ತು. ಭಗವಂತ ಲೋಕವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎತ್ತಲೋ ಹೋದ ಹಾಗಿತ್ತು. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯ ಯಜಮಾನರು ಮಾತ್ರ ಮಂಜನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಒತ್ತಿದರು. ಟಪ್ಪೆಂದು ಎದ್ದು ನಿಂತಿತು. ಇನ್ನೊಂದನ್ನು ಒತ್ತಿದರು; ಅದೂ ಎದ್ದಿತು.

ಕಣ್ಣಿನ ಔಷಧದ ಪುಟ್ಟ ಗಾಜಿನ ಬಾಟಲಿ ಹಾಕುವ ಡಬ್ಬಿಗಳು ಅವು. ಎರಡು ಗಂಟೆಗೆ ಲಾರಿ ಬರುವುದಿತ್ತು. ಔಷಧದವರು ಹೋದ ಸಲವೇ ತಡವಾಯಿತೆಂದು ಮುಖ ಸಿಂಡರಿಸಿದ್ದರು. ಈ ಸಲವೂ ಮಾತು ತಪ್ಪಿದರೆ ಇತ್ತ ತಿರುಗಿ ನೋಡುವವರಲ್ಲ. ಅವರ ಕೆಲಸ ಹೋದರೆ ಕಾರ್ಖಾನೆಗೆ ಬೀಗವೇ ಗತಿ. ಒಳಗೆ ದುಡಿಯುವ ಹನ್ನೊಂದು ಜನಕ್ಕೂ ಅದು ಗೊತ್ತಿತ್ತು. ರಟ್ಟು ಕತ್ತರಿಸುವ ಅಚ್ಚನ್ನು ಮಾಡಿಟ್ಟವನೋ, ಬೆನ್ನು ಹಿಡಿದುಕೊಂಡು ಮೂರು ದಿನದಿಂದ ಮನೆಯಲ್ಲಿ ಮಲಗಿದ್ದ.

"ದೊಡ್ಡಪ್ಪ, ಒಬ್ಬರಿಗೆ ಫೋನ್ ಮಾಡಿದೀನಿ," ಎಂದಳು ಲೆಕ್ಕಪತ್ರ ನೋಡಿಕೊಳ್ಳುವ ತಮ್ಮನ ಮಗಳು. "ಫ್ರೀಲ್ಯಾನ್ಸರ್. ಇನ್ನೇನು ಬಂದೇಬಿಡ್ತಾರೆ."

"ಬಿಡಾಡಿ ಅನ್ನು."

"ಬಿಡಾಡಿ ಅಲ್ಲ, ಬಿಡಿಗೆಲಸ. ಬರ್ತಾರೆ, ಕೆಲಸ ಮುಗಿಸ್ತಾರೆ, ಹೋಗ್ತಾರೆ. ನಮ್ಮವನು ಮಲಗಿದ ಅಂತ ಕಾರ್ಖಾನೇನೂ ಮಲಗಬೇಕಾ?"

"ಹೊರಗಿನವರಿಗೆ ನಮ್ಮ ಕೆಲಸದ ಮೇಲೆ ಏನು ಮಮತೆ ಇರುತ್ತೆ ಮಗಳೇ?"

ಅವಳು ಉತ್ತರಿಸುವಷ್ಟರಲ್ಲಿ ಬಾಗಿಲಲ್ಲಿ ಹೆಂಗಸೊಬ್ಬಳು ನಿಂತಿದ್ದಳು. ಹೆಗಲಲ್ಲಿ ಚೀಲ, ಕೂದಲ ಮೇಲೆ ಮಂಜಿನ ಹನಿ. ಆ ಅಗಲ ಹಣೆ, ಆ ಚೂಪು ಮೂಗು. ಯಜಮಾನರಿಗೆ ಗುರುತು ಸಿಕ್ಕಿತು. ಹಿಂದೆ ಇಪ್ಪತ್ತು ವರ್ಷ ಇಲ್ಲೇ ಅಚ್ಚು ಮಾಡಿದವನ ಮಗಳು. ಅವನು ಸ್ವಂತಕ್ಕೆ ದುಡಿಯುತ್ತೇನೆಂದು ಹೊರಟ ದಿನ ಅಚ್ಚು ಬಡಿಯಲು ತಾನೇ ಕೆತ್ತಿಕೊಂಡ ಮರದ ಕೊಡತಿಯನ್ನು ಕೇಳಿದ್ದ. "ಇಲ್ಲಿ ಸವೆದದ್ದು ಇಲ್ಲೇ ಇರಲಿ," ಎಂದಿದ್ದರು ಇವರು, ಕೋಪದಲ್ಲಿ. ಹನ್ನೆರಡು ವರ್ಷದಿಂದ ಅದು ಇವರ ಕುರ್ಚಿಯ ಹಿಂದೆ ಮೊಳೆಗೆ ನೇತಾಡುತ್ತಿತ್ತು.

ಅವಳು ಆ ಮೊಳೆಯನ್ನೊಮ್ಮೆ ನೋಡಿದಳು. ರಟ್ಟಿನ ಹಾಳೆಯೊಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು, ಅಂಚು ಹರಿದು ನೋಡಿದಳು, ಡಬ್ಬಿ ಮಡಿಚಿದಳು.

"ಈ ಅಳತೆ ಕೊಟ್ಟಿದ್ದು ಯಾರು?"

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಳತೆ ಎಲ್ಲರಿಗೂ ಕಾಣುವಂತಿತ್ತು.

"ನಾನೇ. ಏನೀಗ?" ಎಂದರು ಯಜಮಾನರು.

"ತಪ್ಪಿದೆ."

ಮೂಲೆಯಲ್ಲಿ ಅಂಟು ಕಲಸುತ್ತಿದ್ದ ಕೈಯೂ ನಿಂತಿತು.

"ಒಂದು ಹಾಳೆಗೆ ಎಂಟು ಡಬ್ಬಿ ಜಾಗದಲ್ಲಿ ಒಂಬತ್ತು ಹಿಡಿಸಲಿ ಅಂತ ಡಬ್ಬಿ ಹೊಟ್ಟೆ ಬಿಗಿ ಮಾಡಿದೀರಿ. ಒಣ ದಿನ ನಡೆಯುತ್ತೆ. ಇವತ್ತು ರಟ್ಟು ನೀರು ಕುಡಿದು ಊದಿದೆ, ಮುಚ್ಚಳದ ನಾಲಿಗೆ ಒಳಗೆ ಹೋಗೋಕೆ ಜಾಗ ಇಲ್ಲ. ಹೋದ ತಿಂಗಳು ಸಾಬೂನಿನ ಡಬ್ಬಿಯವರ ಹತ್ರಾನೂ ಇದೇ ಗೋಳು."

"ನೀನು ಹುಟ್ಟೋಕೆ ಮುಂಚೆಯಿಂದ ಡಬ್ಬಿ ಮಾಡ್ತಿದೀನಿ!"

"ಇರಬಹುದು ಯಜಮಾನ್ರೇ. ಕಳಿಸೋದಾದ್ರೆ ಈಗಲೇ ಕಳಿಸಿ. ಇರು ಅಂದ್ರೆ ಹನ್ನೊಂದು ಗಂಟೆಗೆ ಅಚ್ಚು ಸರಿ ಮಾಡಿ ಕೊಡ್ತೀನಿ."

ಯಜಮಾನರು ಮೆಷೀನಿನ ಮುಂದೆ ನಿಂತಿದ್ದ ಮುದುಕನತ್ತ ತಿರುಗಿದರು. ಎಲ್ಲರೂ ಅವನನ್ನು ಮಾವ ಎಂದೇ ಕರೆಯುತ್ತಿದ್ದುದು.

"ಮಾವ, ನಿನಗೆ ಗೊತ್ತಿತ್ತಾ?"

ಮಾವ ತನ್ನ ಚಪ್ಪಲಿ ನೋಡಿಕೊಂಡ. "ಗೊತ್ತಿತ್ತು."

"ಮತ್ತೆ ಬಾಯಲ್ಲೇನು ಅಂಟು ಇಟ್ಕೊಂಡಿದ್ದೆಯಾ?"

"ಗೋಡೆ ಮೇಲೆ ನಿಮ್ಮ ಅಕ್ಷರ ಇತ್ತು. ನಾಳೇನೂ ಇದೇ ಬಾಗಿಲಿಗೆ ಬರಬೇಕಲ್ಲ ನಾನು. ಅವಳಿಗೇನು, ಚೀಲ ಹೆಗಲಿಗೆ ಹಾಕಿದ್ಲು, ಹೊರಟ್ಲು."

ಹನ್ನೊಂದು ಜನ ಎದುರಿಗಿದ್ದೂ ತಮಗೆ ನಿಜ ಹೇಳುವವರೊಬ್ಬರೂ ಇರಲಿಲ್ಲವೆಂಬುದು ಮಂಜಿಗಿಂತ ತಣ್ಣಗೆ ಯಜಮಾನರ ಮೈಗಿಳಿಯಿತು. ಹೊರಗಿನವರಿಗೆ ಮಮತೆ ಎಲ್ಲಿಯದೆಂದು ಈಗಷ್ಟೇ ತಾವೇ ಆಡಿದ್ದರು. "ಮಾಡು," ಎಂದರು.

ಅಚ್ಚಿನ ಹಲಗೆಯೊಳಗೆ ಕೂರಿಸಿದ, ರಟ್ಟು ಕತ್ತರಿಸುವ ಉಕ್ಕಿನ ಪಟ್ಟಿಗಳನ್ನು ಅವಳು ಒಂದೊಂದಾಗಿ ಕಿತ್ತಳು. ಒಂಬತ್ತು ನಾಲಿಗೆಗೆ ಹದಿನೆಂಟು ಪಟ್ಟಿ. ನಾಲಿಗೆ ಕಿರಿದಾಗಲೆಂದು ಗರಗಸದಿಂದ ಕೂದಲೆಳೆಯಷ್ಟು ಒಳಗೆ ಹೊಸ ಸೀಳು ಮಾಡಿ, ಚೀಲದಿಂದ ತನ್ನ ಸುತ್ತಿಗೆ ತೆಗೆದು ಪಟ್ಟಿ ಕೂರಿಸತೊಡಗಿದಳು. ಎರಡು ಮೆಲ್ಲಗೆ, ಒಂದು ಗಟ್ಟಿ. ಎರಡು ಮೆಲ್ಲಗೆ, ಒಂದು ಗಟ್ಟಿ. ಯಜಮಾನರಿಗೆ ಅದು ಗೊತ್ತಿದ್ದ ಸದ್ದು.

ಹದಿನಾರನೆಯ ಪಟ್ಟಿ ಚಟ್ಟೆಂದು ಮುರಿಯಿತು. ಕಪಾಟಿನಲ್ಲಿ ಆ ಅಳತೆಯದು ಇನ್ನೊಂದಿಲ್ಲ. ತಮ್ಮನ ಮಗಳು ಬಾಯಿಗೆ ಕೈಯಿಟ್ಟಳು. ಬಂದವಳು ಮಾತ್ರ ಚೀಲ ತಡಕಿ ಬಟ್ಟೆಯಲ್ಲಿ ಸುತ್ತಿದ ಪಟ್ಟಿಗಳ ಕಟ್ಟೊಂದನ್ನು ತೆಗೆದಳು. "ಹತ್ತು ಕಡೆ ತಿರುಗೋಳು. ಎಲ್ಲಿ ಏನು ಸಿಗಲ್ಲ ಅಂತ ಗೊತ್ತಿರುತ್ತೆ."

ಗಡಿಯಾರ ಹನ್ನೊಂದು ದಾಟಿ ಹತ್ತು ನಿಮಿಷ. ಮಾವ ಮೆಷೀನು ಒತ್ತಿದ. ಮೊದಲ ಡಬ್ಬಿಯನ್ನು ಮಡಿಚಿ ಯಜಮಾನರ ಕೈಗೇ ಕೊಟ್ಟ. ಅವರು ಹೆಬ್ಬೆರಳಿಟ್ಟು ಒತ್ತಿದರು. ನಾಲಿಗೆ ಸದ್ದಿಲ್ಲದೆ ಒಳಗೆ ಜಾರಿತು. ಕಾದರು. ಏಳಲಿಲ್ಲ.

"ದೇವರೇ," ಎಂದರು, ಪ್ರಾರ್ಥನೆಯೋ ನಿಟ್ಟುಸಿರೋ ತಿಳಿಯದಂತೆ.

ಆಮೇಲೆ ಯಾರೂ ತಲೆಯೆತ್ತಲಿಲ್ಲ. ಯಜಮಾನರೂ ನೆಲದ ಮೇಲೆ ಕೂತು ಅಂಟಿಸಿದರು. ಅವಳೂ ಹೋಗಲಿಲ್ಲ, ಮೆಷೀನಿನ ಪಕ್ಕ ನಿಂತು ನೂರಕ್ಕೊಂದರಂತೆ ಡಬ್ಬಿ ಎತ್ತಿ ಒತ್ತಿ ನೋಡುತ್ತಿದ್ದಳು. ಲಾರಿ ಹಾರ್ನ್ ಹೊಡೆದಾಗ ಕೊನೆಯ ಕಟ್ಟಿಗೆ ದಾರ ಬಿಗಿಯುತ್ತಿದ್ದರು.

ಲಾರಿ ತಿರುವು ದಾಟಿದ ಮೇಲೆ ಯಜಮಾನರು ಒದ್ದೆ ಬಟ್ಟೆಯಿಂದ ಗೋಡೆಯ ಅಳತೆಯನ್ನು ಒರೆಸಿದರು. ಅವಳು ಚೀಲ ಕಟ್ಟುತ್ತಿದ್ದಳು.

"ಅಪ್ಪ ಹೇಗಿದಾನೆ?"

"ಕೈ ನಡುಗುತ್ತೆ. ಕಿವಿ ಚುರುಕಾಗಿದೆ. ನಾನು ಪಟ್ಟಿ ಹೊಡೀತಿದ್ರೆ ಒಳಗಿಂದಾನೇ ಕೂಗ್ತಾರೆ, ಮೂರನೇ ಏಟು ಸರಿಯಾಗಿ ಬೀಳಲಿಲ್ಲ ಅಂತ."

ಯಜಮಾನರು ಕುರ್ಚಿಯ ಹಿಂದೆ ಹೋದರು. ಕೊಡತಿಯನ್ನು ತೆಗೆದಾಗ ಗೋಡೆಯ ಮೇಲೆ ಅದರ ಆಕಾರವೇ ಬೆಳ್ಳಗೆ ಉಳಿಯಿತು. ಪಂಚೆಯ ಅಂಚಿನಿಂದ ಧೂಳು ಒರೆಸಿ, ಹಿಡಿಯನ್ನು ಅವಳ ಕಡೆ ತಿರುಗಿಸಿ ಅವಳ ಎರಡೂ ಕೈಗಳ ಮೇಲಿಟ್ಟರು.